ದೊರೆಯ ಮೀಸೆ

ನಮ್ಮೂರಿನ ದೊರೆಗೆ ತಿಂಗಳಿಗೆ ಎರಡು ಸಲ ಕ್ಷೌರವಾಗಬೇಕು. ಅಮಾವಾಸ್ಯೆ ಕಳೆದು ಒಂದು, ಹುಣ್ಣಿಮೆ ಕಳೆದು ಒಂದು. ಮಂಗಳವಾರ ಬಿದ್ದರೆ ಬುಧವಾರಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಗಡ್ಡ ಸ್ವಲ್ಪ ಜಾಸ್ತಿ ಬರುವುದರಿಂದ ನಡುವೆ ಒಮ್ಮೆ ಕತ್ತಿ ಆಡಿಸುವುದೂ ಇದೆ. ದೊರೆ ಅಂದರೆ ಒಂದು ಬೆಳ್ಳಿ ನಾಣ್ಯ. ಚಿಕ್ಕ ನಿಪ್ಪಟ್ಟಿನಷ್ಟು ಅಗಲ, ಅಂಗೈಯಲ್ಲಿಟ್ಟರೆ ಭಾರ ಗೊತ್ತಾಗುತ್ತದೆ. ಒಂದು ಮಗ್ಗುಲಿಗೆ ಗುರಾಣಿ, ಅದರೊಳಗೆ ನಾಲಿಗೆ ಚಾಚಿದ ಸಿಂಹ. ಇನ್ನೊಂದು ಮಗ್ಗುಲಿಗೆ ದೊರೆಯ ಮುಖ, ಕತ್ತಿನ ಸುತ್ತ ನೆರಿಗೆ ಹಿಡಿದ ದಪ್ಪ ಪಟ್ಟಿ, ಅಂಚಿನುದ್ದಕ್ಕೂ ನಮಗೆ ಓದಲು ಬಾರದ ಅಕ್ಷರ. ಮುಖ ಪಕ್ಕಕ್ಕೆ ತಿರುಗಿದೆ. ಹೀಗಾಗಿ ಕತ್ತಿಗೆ ಸಿಗುವುದು ಒಂದೇ ಕೆನ್ನೆ, ಅರ್ಧ ಮೀಸೆ. ಇನ್ನೊಂದು ಕೆನ್ನೆ ಬೆಳ್ಳಿಯ ಒಳಗಿದೆ. ಅಲ್ಲಿ ಗಡ್ಡ ಎಷ್ಟುದ್ದ ಇಳಿದಿದೆಯೋ ನಮ್ಮ ಮನೆತನದಲ್ಲಿ ಯಾರೂ ಕಂಡವರಿಲ್ಲ.

ನಮ್ಮದು ದೊರೆಗೆ ಕತ್ತಿ ಹಿಡಿಯುವ ಮನೆತನ. ನನ್ನ ಹೆಸರು ತಾಯಮ್ಮ. ನಮ್ಮಪ್ಪ ಯಾಲಕ್ಕಯ್ಯ ಐವತ್ತು ವರ್ಷದ ಮೇಲೆ ಈ ಕೆಲಸ ಮಾಡಿದ. ಅವನ ಕೈ ನಡುಗಲು ಶುರುವಾದಾಗ ಕತ್ತಿ ನನ್ನ ಕೈಗೆ ಬಂತು. ಹೆಂಗಸಿನ ಕೈಯಲ್ಲಿ ಕ್ಷೌರವೇ ಎಂದು ಕೆಲವರು ಮೂಗು ಮುರಿದರು. ದೊರೆ ಮೂಗು ಮುರಿಯಲಿಲ್ಲ. ದೊರೆ ಒಪ್ಪಿದ ಮೇಲೆ ಉಳಿದವರ ಮಾತು ನಡೆಯುವುದಿಲ್ಲ. ಯಾಕೆಂದರೆ ನಮ್ಮೂರಿಗೆ ಇರುವುದು ಒಂದೇ ಕಟ್ಟಳೆ: ದೊರೆಗೆ ಏನಾಯಿತೋ ಅದು ಊರಿನ ಗಂಡಸರಿಗೆಲ್ಲ ಆಗಬೇಕು, ದೊರೆಗೆ ಆಗದ್ದು ಯಾರಿಗೂ ಆಗಕೂಡದು. ಮೊದಲು ಚಾವಡಿಯಲ್ಲಿ ದೊರೆಗೆ, ಆಮೇಲೆ ಅದೇ ಜಗಲಿಯ ಮೇಲೆ ಸಾಲಾಗಿ ಊರಿಗೆ. ಕ್ಷೌರದ ಹಿಂದಿನ ದಿನ ನಮ್ಮೂರಿಗೆ ಬಂದ ನೆಂಟರು, ಇಲ್ಲೇನಾದರೂ ಕಾಯಿಲೆ ಹಬ್ಬಿದೆಯೇ ಎಂದು ಕೇಳುತ್ತಾರೆ. ಬಸ್ಸಿನ ಕಂಡಕ್ಟರು ಮಾತ್ರ ನಮ್ಮವರ ಗದ್ದ ನೋಡಿ ತಿಥಿ ಹೇಳುತ್ತಾನೆ.

ಗಡ್ಡದಿಂದ ಉದುರುವ ಬೆಳ್ಳಿಯನ್ನು ಬಿಳಿ ಬಟ್ಟೆಯ ಮೇಲೆ ಹಿಡಿಯುತ್ತೇವೆ. ಅದು ಒಂದು ಚಿಟಿಕೆಯೂ ಆಗುವುದಿಲ್ಲ. ಕೂಡಿಟ್ಟು ಕರಗಿಸಿ ಸಾಸಿವೆಯಷ್ಟು ಮಣಿ ಮಾಡಿ ಊರಲ್ಲಿ ಹುಟ್ಟಿದ ಮಕ್ಕಳ ಉಡಿದಾರಕ್ಕೆ ಹಾಕುತ್ತಾರೆ. ಮದುವೆಗಳೂ ದೊರೆಯ ಎದುರಿಗೇ ಆಗಬೇಕು. ಹಿತ್ತಾಳೆ ಭರಣಿಯಲ್ಲಿ ಅರಳೆಯ ಮೇಲೆ ಮಲಗಿಸಿ ತಂದು ಗಂಡು ಹೆಣ್ಣಿನ ನಡುವೆ ಇಡುತ್ತಾರೆ. ಗಡ್ಡವನ್ನು ಎಷ್ಟು ಬೇಕಾದರೂ ತೆಗೆಯಬಹುದು, ಮೀಸೆಯನ್ನು ಮಾತ್ರ ಮುಟ್ಟುವಂತಿಲ್ಲ. ತುದಿ ಒಪ್ಪ ಮಾಡಬಹುದು, ಅಷ್ಟೇ. ನಮ್ಮ ಕಡೆ ಗಂಡಸು ಮೀಸೆ ತೆಗೆಸುವುದು ಅಪ್ಪ ತೀರಿಕೊಂಡಾಗ. ಊರಿನ ಕಟ್ಟಳೆಗೆ ಇರುವ ವಿನಾಯಿತಿಯೂ ಅದೊಂದೇ. ಅಪ್ಪ ಸತ್ತವನು ದೊರೆಯನ್ನು ಕೇಳದೆ ಮೀಸೆ ತೆಗೆಸಬಹುದು.

ನಮ್ಮಪ್ಪನಿಗೆ ಗಂಡುಮಕ್ಕಳಿಲ್ಲ. ಅವನು ಹೋದ ದಿನ ದೊಡ್ಡಪ್ಪನ ಮಗ ಪಾಂಡು ಬೆಂಕಿ ಇಟ್ಟ. ಮಡಕೆ ಒಡೆದ, ಅತ್ತ, ಎಲ್ಲ ಚೆನ್ನಾಗಿಯೇ ಮಾಡಿದ. ಆದರೆ ಹನ್ನೊಂದನೆಯ ದಿನ ನಾನು ಕತ್ತಿ ಹಿಡಿದು ಅವನ ಎದುರು ಕೂತಾಗ ಮೇಲ್ದುಟಿಗೆ ಅಂಗೈ ಅಡ್ಡ ಇಟ್ಟುಕೊಂಡ.

"ಅಕ್ಕ, ತಲೆ ಬೇಕಾದ್ರೆ ನುಣ್ಣಗೆ ಮಾಡ್ಬಿಡು. ಮೀಸೆ ಬ್ಯಾಡ" ಅಂದ.

"ಯಾಕಪ್ಪ?"

"ನಾಟಕದಲ್ಲಿ ರಕ್ಕಸನ ಪಾರ್ಟು ಕಣಕ್ಕ. ಎರಡು ವರ್ಷದಿಂದ ಬೆಳ್ಸಿವ್ನಿ. ಕಟ್ಟು ಮೀಸೆ ಹಾಕ್ಕೊಂಡ್ರೆ ಪದ್ಯ ಹೇಳೋವಾಗ ಬಾಯಿಗೆ ಬತ್ತದೆ."

ಮೀಸೆ ಅವನ ಕಿವಿಯವರೆಗೆ ಹೋಗಿತ್ತು. ದಿನಾ ಹರಳೆಣ್ಣೆ ತಿಕ್ಕುತ್ತಿದ್ದ. ನಾನು ಊರ ಯಜಮಾನ ಹೊನ್ನಗಿರಿಯಪ್ಪನ ಮುಖ ನೋಡಿದೆ. ಯಜಮಾನ ಜೋಯಿಸರ ಮುಖ ನೋಡಿದ. ಪಕ್ಕದೂರಿನಿಂದ ಬಂದು ಹೋಗುವ ಜೋಯಿಸರು, ಅವನು ಸ್ವಂತ ಮಗನಲ್ಲವಲ್ಲ, ಬಲವಂತ ಮಾಡುವ ಹಾಗಿಲ್ಲ ಎಂದರು. ಅಲ್ಲಿಗೆ ಮುಗಿಯಿತು. ಎಲೆ ಹಾಕಿದರು. ಊರಿನ ಅಷ್ಟೂ ಗಂಡಸರು ನಮ್ಮಪ್ಪನ ತಿಥಿಯ ಪಾಯಸವನ್ನು ಮೀಸೆ ಒರೆಸಿಕೊಂಡು ಒರೆಸಿಕೊಂಡು ಉಂಡರು. ಐವತ್ತು ವರ್ಷ ಅವರ ಮುಖಗಳನ್ನು ನೋಡಿಕೊಂಡವನಿಗೆ ಒಂದು ಕೂದಲು ಬೀಳಲಿಲ್ಲ. ನಾನು ಮಾತ್ರ ಎಲೆಯ ಮುಂದೆ ಕೂರಲಿಲ್ಲ. ಆ ನಾಟಕವೋ, ಹಾರ್ಮೋನಿಯಂ ಮೇಷ್ಟರಿಗೆ ಆಗ ಜ್ವರ ಬಂದು ಮುಂದೆ ಹೋಯಿತು, ಆಮೇಲೆ ಸೀನರಿ ಸಿಗದೆ ಮುಂದೆ ಹೋಯಿತು, ಇನ್ನೂ ಆಗಿರಲಿಲ್ಲ.

ಹೀಗಿರುವಾಗ ನಗರದ ವಸ್ತು ಸಂಗ್ರಹಾಲಯದಿಂದ ಗ್ಲಾಡಿಸ್ ಕ್ರಾಸ್ತಾ ಎಂಬ ಮೇಡಂ ಬಂದರು. ಊರೂರಿಗೆ ಹೋಗಿ ಹಳೆಯ ನಾಣ್ಯ ನೋಡುವುದು ಅವರ ಕೆಲಸ. ಕರಾವಳಿ ಕಡೆಯವರು, ದಪ್ಪ ಕನ್ನಡಕ, ಕಾಲಿಗೆ ಕ್ಯಾನ್ವಾಸ್ ಬೂಟು. ಅವರು ಬಂದ ದಿನ ಕ್ಷೌರದ ದಿನವಾಗಿತ್ತು. ದೊರೆಯನ್ನು ಭೂತಗನ್ನಡಿಯಲ್ಲಿ ನೋಡಿ, ಗಡ್ಡದ ಒಂದೊಂದು ಎಳೆಯೂ ಚೆನ್ನಾಗಿ ಕಾಣುತ್ತದೆ ಎಂದು ಮೆಚ್ಚಿಕೊಂಡರು. ನಾನು ತೊಗಲಿನ ಪಟ್ಟಾಕ್ಕೆ ಕತ್ತಿ ಎಳೆದು ಹರಿತ ಮಾಡಿ ಗಡ್ಡ ತೆಗೆದೆ. ಮೇಡಂ ಮತ್ತೆ ಭೂತಗನ್ನಡಿ ಹಿಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡರು.

"ಇದು ಪುನಃ ಬರ್ಲಿಕ್ಕೆ ಎಷ್ಟು ದಿನ ಬೇಕು?" ಎಂದು ಕೇಳಿದರು.

"ನಾಳಿದ್ದಿಗೆ ಕೈಗೆ ಚುಚ್ಚುತ್ತೆ ಮೇಡಂ. ವಾರಕ್ಕೆ ಚೆನ್ನಾಗಿ ಕಾಣುತ್ತೆ."

"ಹಾಗಾದ್ರೆ ನಾನು ವಾರ ನಿಲ್ತೇನೆ" ಎಂದು ಶಾಲೆಯ ಕೋಣೆಯಲ್ಲಿ ಹಾಸಿಗೆ ಹಾಕಿಸಿಕೊಂಡರು. ನನಗೆ ಅವರು ಅಲ್ಲೇ ಹಿಡಿಸಿದರು. ಬೇರೆ ಕಡೆಯಿಂದ ಬಂದ ಕೆಲವರು ಗಡ್ಡ ನೋಡಿ ಕೈ ಮುಗಿಯುತ್ತಾರೆ, ಕೆಲವರು ಇದರಲ್ಲಿ ಏನೋ ಮೋಸ ಇದೆ ಎನ್ನುತ್ತಾರೆ. ಅಳತೆ ಪಟ್ಟಿ ತೆಗೆದವರು ಇವರೊಬ್ಬರೇ.

ಆ ವಾರವೆಲ್ಲ ಅವರು ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತ ದೊರೆಯ ಕಡೆಯ ಸುದ್ದಿ ಹೇಳಿದರು. ಇಂಥ ನಾಣ್ಯಕ್ಕೆ ಟಾಲರ್ ಎಂದು ಹೆಸರಂತೆ. ಯುರೋಪಿನ ಒಂದು ಕಣಿವೆಯಲ್ಲಿ ಬೆಳ್ಳಿ ಗಣಿ ಸಿಕ್ಕಿತು, ಅಲ್ಲಿ ಹೀಗೆ ದೊಡ್ಡ ದೊಡ್ಡ ನಾಣ್ಯ ಹಾಕಿದರು, ಅವರ ಭಾಷೆಯಲ್ಲಿ ಕಣಿವೆಗೆ ಇರುವ ಹೆಸರೇ ನಾಣ್ಯಕ್ಕೂ ಬಂತು. ಈಗ ಜಗತ್ತೆಲ್ಲ ಬಾಯಲ್ಲಿ ಇಟ್ಟುಕೊಂಡಿರುವ ಡಾಲರ್ ಕೂಡ ಅದೇ ಹೆಸರಿನ ಮೊಮ್ಮಗು. ಆಮೇಲೆ ಅಲ್ಲಿನ ಸಣ್ಣಪುಟ್ಟ ಪಾಳೆಯಗಾರರೆಲ್ಲ ತಮ್ಮ ತಮ್ಮ ಮುಖ ಹಾಕಿಸಿ ಟಾಲರ್ ಹೊಡೆಸಿದರು. ನಮ್ಮ ದೊರೆ ಅಂಥದೊಂದು ಸಣ್ಣ ಸೀಮೆಯವನು. ಆ ಸೀಮೆಯ ಹೆಸರನ್ನು ಮೇಡಂ ಎರಡು ಸಲ ಹೇಳಿದರು, ನನ್ನ ನಾಲಿಗೆ ಹೊರಳಲಿಲ್ಲ. ಅವನ ಕಾಲಕ್ಕೆ ಅಲ್ಲಿ ಮೂವತ್ತು ವರ್ಷ ಯುದ್ಧ ನಡೆಯಿತಂತೆ. ದೇವರನ್ನು ಹೇಗೆ ಪೂಜಿಸಬೇಕು ಎಂದು ಶುರುವಾದದ್ದು, ಕೊನೆಗೆ ಯಾರು ಯಾಕೆ ಹೊಡೆದಾಡುತ್ತಿದ್ದಾರೆ ಎಂದು ಅವರಿಗೇ ಗೊತ್ತಾಗುತ್ತಿರಲಿಲ್ಲವಂತೆ. ಬೆಳ್ಳಿಗೆ ತಾಮ್ರ ಬೆರೆಸಿದರು, ನಾಣ್ಯದ ಅಂಚು ಹೆರೆದು ಬೆಳ್ಳಿಯ ಪುಡಿ ಕದ್ದರು.

"ಹಾಗೆ ಹೆರೆದವರು ಸಿಕ್ಕಿಬಿದ್ರೆ ತಲೆ ಹೋಗ್ತಿತ್ತು" ಎಂದರು ಮೇಡಂ.

"ನಮಗೆ ಅದಕ್ಕೆ ಕೂಲಿ ಅಂತ ರಾಗಿ ಅಳೀತಿದ್ರು" ಎಂದೆ.

ಅಲ್ಲಿನ ಬೆಳ್ಳಿ, ಮೆಣಸು ಬಟ್ಟೆ ಕೊಳ್ಳುವ ಹಡಗುಗಳಲ್ಲಿ ನಮ್ಮ ಕಡೆ ಬಂದು, ಇಲ್ಲಿನ ಟಂಕಸಾಲೆಗಳಲ್ಲಿ ಕರಗಿ ರೂಪಾಯಿಯಾಯಿತು. ನಮ್ಮ ದೊರೆ ಹೇಗೋ ಕರಗದೆ ಉಳಿದ. ಕರಗಿಸಲು ಕೊಟ್ಟವರು ಗಡ್ಡ ನೋಡಿ ಹೆದರಿ ವಾಪಸು ಕೊಟ್ಟರು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅದನ್ನೂ ಮೇಡಂಗೆ ಹೇಳಿದೆ. ಅದು ಸರಿ ಇರಬಹುದು ಎಂದರು.

ವಾರ ಕಳೆಯುವ ಹೊತ್ತಿಗೆ ಗಡ್ಡ ಬಂದಿತ್ತು. ಮೇಡಂ ಪಟ್ಟಿ ಇಟ್ಟು ಅಳೆದು, ಯಜಮಾನನಿಗೆ ಹೇಳಿ ಊರವರನ್ನು ಚಾವಡಿಗೆ ಕರೆಸಿದರು. ಎಲ್ಲರೂ ಬಂದರು. ಗಂಡಸರು ಒಂದು ವಾರದ ಗಡ್ಡ ಕೆರೆದುಕೊಳ್ಳುತ್ತ ಕೂತರು.

"ವಿಷಯ ಹೀಗೆ ಉಂಟು" ಎಂದು ಮೇಡಂ ಎದ್ದು ನಿಂತರು. "ಈ ದೊರೆಯದು ಎರಡು ಥರದ ನಾಣ್ಯ. ಗಡ್ಡ ಮೀಸೆ ಇರುವಂಥದ್ದು ಬೇಕಾದಷ್ಟು ಸಿಗ್ತದೆ, ಅದಕ್ಕೆ ವಿಶೇಷ ಇಲ್ಲ. ಇನ್ನೊಂದು ಮೊದಲ ವರ್ಷದ್ದು. ಇವರ ತಂದೆ ತೀರಿಕೊಂಡು ಇವರು ಪಟ್ಟಕ್ಕೆ ಬಂದಾಗ ಹತ್ತೊಂಬತ್ತು ವಯಸ್ಸು. ಆಗ ಹಾಕಿಸಿದ ಅಚ್ಚಿನಲ್ಲಿ ಗಡ್ಡವೂ ಇಲ್ಲ, ಮೀಸೆಯೂ ಇಲ್ಲ. ಸ್ವಲ್ಪ ದಿನದಲ್ಲೇ ಸೈನಿಕರು ಬಂದು ಟಂಕಸಾಲೆ ಸುಟ್ರು. ಹಾಗಾಗಿ ಆ ನಾಣ್ಯ ಪ್ರಪಂಚದಲ್ಲೇ ಬೆರಳೆಣಿಕೆಯಷ್ಟು ಉಂಟು. ಇದರಲ್ಲಿ ಇಸವಿ ಸವೆದು ಹೋಗಿದೆ. ಇದು ಯಾವುದು ಅಂತ ಗೊತ್ತಾಗ್ಬೇಕಾದ್ರೆ ಮೀಸೆ ತೆಗೆದು ಅದರ ಅಡಿಯ ತುಟಿ ನೋಡ್ಬೇಕು. ಅಚ್ಚಿನಲ್ಲೇ ಮೀಸೆ ಇದ್ರೆ ಗೀರು ಉಳೀತದೆ, ಇಲ್ಲದಿದ್ರೆ ತುಟಿ ನುಣ್ಣಗೆ ಇರ್ತದೆ."

ಮೇಡಂ ಮುಚ್ಚುಮರೆ ಮಾಡುವವರಲ್ಲ. ಮುಂದಿನದನ್ನೂ ಅವರೇ ಹೇಳಿದರು. "ಅಪರೂಪದ್ದು ಅಂತ ಆದ್ರೆ ಕಾನೂನು ಪ್ರಕಾರ ನಗರಕ್ಕೆ ತಗೊಂಡು ಹೋಗ್ಬೇಕಾಗ್ತದೆ. ಗಾಜಿನ ಪೆಟ್ಟಿಗೆ, ಕಾವಲು ಎಲ್ಲ ಉಂಟು. ಸಾಮಾನ್ಯದ್ದಾದ್ರೆ ಇಲ್ಲೇ ಇರ್ತದೆ. ನಿಮಗೆ ಒಪ್ಪಿಗೆ ಇಲ್ಲದೆ ನಾನು ಕೈ ಹಾಕುವುದಿಲ್ಲ."

ನನ್ನ ಕಿವಿಗೆ ಬಿದ್ದದ್ದು ನಗರವೊಂದೇ. ಆದರೆ ಊರವರ ಕಿವಿಗೆ ಬಿದ್ದದ್ದು ನಗರವೂ ಅಲ್ಲ, ಗಾಜಿನ ಪೆಟ್ಟಿಗೆಯೂ ಅಲ್ಲ. ಜೋಯಿಸರು ನಿಧಾನವಾಗಿ ಎದ್ದರು.

"ತಂದೆ ತೀರಿಕೊಂಡ ವರ್ಷ ಮೀಸೆ ಇರಲಿಲ್ಲ ಅಂದ್ರಿ."

"ಹೌದು."

"ಅಂದ್ರೆ ತೆಗೆಸಿದ್ದಾರೆ."

"ಇಲ್ಲ, ಅದು ಬಂದೇ ಇರಲಿಲ್ಲ ಅಂತ ಕಾಣ್ತದೆ. ಸಣ್ಣ ಪ್ರಾಯ ಅಲ್ವಾ" ಎಂದರು ಮೇಡಂ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಹತ್ತೊಂಬತ್ತಕ್ಕೆ ಮೀಸೆ ಬಾರದ ಗಂಡು ನಮ್ಮೂರಲ್ಲಿ ಇಲ್ಲ.

"ತೆಗೆಸಿದ ಮೀಸೆ ಮತ್ತೆ ಬಂದಿದೆ" ಎಂದು ಜೋಯಿಸರು ಮುಂದುವರಿಸಿದರು. "ಬಂದಿದೆ ಅಂದ್ರೆ ಏನು? ಅಷ್ಟರಲ್ಲಿ ಯುದ್ಧ, ಬೆಂಕಿ, ಆಮೇಲೆ ಹಡಗು. ವರ್ಷದ ಕರ್ಮ ಪೂರೈಸಿಲ್ಲ. ದೊರೆ ಅವತ್ತಿನಿಂದ ಸೂತಕದಲ್ಲಿದ್ದಾರೆ."

ಯಜಮಾನ ಹೊನ್ನಗಿರಿಯಪ್ಪ ಎದ್ದು ನಿಂತ. ಅವನು ದಪ್ಪನೆಯ ಆಸಾಮಿ, ಏಳುವುದಕ್ಕೆ ಹೊತ್ತು ಬೇಕು. "ಜೋಯಿಸ್ರೇ, ಸೂತಕದೋರ ಮುಂದೆ ಮದ್ವೆ ಆಗ್ಬೋದಾ?"

"ಆಗಬಾರದು."

"ಹಂಗಾದ್ರೆ ನಂದು?"

"ನಿಮ್ಮೊಬ್ಬರದೇ ಅಲ್ಲ, ಊರಿನದೆಲ್ಲ."

ಹಿಂದೆ ಕೂತಿದ್ದ ಯಜಮಾನನ ಹೆಂಡತಿ, "ಮೊಮ್ಮಕ್ಕಳ ಮದ್ವೆ ಮಾಡೋ ಕಾಲಕ್ಕೆ ಈ ಸುದ್ದಿ ಹೇಳ್ತವ್ರಲ್ಲಪ್ಪ. ಆವಾಗ್ಲೇ ಹೇಳಿದ್ರೆ ನಾನು ಯೋಚ್ನೆ ಮಾಡ್ತಿದ್ದೆ" ಅಂದಳು. ಯಜಮಾನ ಅವಳ ಕಡೆ ತಿರುಗಲಿಲ್ಲ. ಅರ್ಧ ತಾಸಿನಲ್ಲಿ ತೀರ್ಮಾನವಾಯಿತು. ದೊರೆಯ ತಂದೆಗೆ ಕಲ್ಯಾಣಿಯ ಮೆಟ್ಟಿಲ ಮೇಲೆ ಕ್ರಮವಾಗಿ ಕರ್ಮ ಮಾಡಿಸುವುದು. ಅದಕ್ಕೆ ಮೊದಲು ದೊರೆಯ ಮೀಸೆ ತೆಗೆಯುವುದು. ತುಟಿ ನುಣ್ಣಗಿದ್ದರೆ ಮೇಡಂ ಜೊತೆ ಕಳಿಸಿಕೊಡುವುದು. ಸೂತಕ ಕಳೆದವನು ನಾಲ್ಕು ಊರು ನೋಡಿಕೊಂಡು ಬಂದರೆ ತಪ್ಪಿಲ್ಲ ಎಂದರು ಜೋಯಿಸರು.

"ನಾನು ತೆಗೆಯಲ್ಲ" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ದೊರೆಯ ಮುಖಕ್ಕೆ ಬೇರೆಯವರು ಕತ್ತಿ ಇಡುವ ಹಾಗಿಲ್ಲ. ಅದೂ ಕಟ್ಟಳೆ.

"ಯಾಕವ್ವ?" ಯಜಮಾನ ಕೇಳಿದ.

"ಕತ್ತಿಗೆ ಸಾಣೆ ಇಲ್ಲ" ಎಂದು ಎದ್ದು ಬಂದೆ.

ನಿಜ ಬೇರೆ ಇತ್ತು. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ನನಗೆ ಉಳಿದವನು ದೊರೆ ಒಬ್ಬನೇ. ಭರಣಿ ಇರುವುದು ಚಾವಡಿಯಲ್ಲಾದರೂ ಕ್ಷೌರದ ಹಿಂದಿನ ಸಂಜೆ ಮನೆಗೆ ತಂದು ಹುಣಿಸೆ ನೀರಲ್ಲಿ ತೊಳೆದು ದೇವರ ಗೂಡಿನಲ್ಲಿ ಇಡುವುದು ಪದ್ಧತಿ. ಅಪ್ಪ ಆ ಹೊತ್ತಿನಲ್ಲಿ ಅವನ ಜೊತೆ ಮಾತಾಡುತ್ತಿದ್ದ. ಏನಪ್ಪ, ಈ ಸಲ ಗಡ್ಡ ಒರಟಾಗೈತೆ, ಚಳಿಗೋ ಹೆಂಗೆ, ಎಂದು ಕೇಳುತ್ತಿದ್ದ. ನನ್ನನ್ನು ಬೈಯುವಾಗಲೂ ನೋಡಪ್ಪ ನಿಮ್ಮಕ್ಕನ್ನ ಎಂದು ಅವನಿಗೇ ದೂರು ಹೇಳುತ್ತಿದ್ದ. ಈಗ ಆ ಮಾತೆಲ್ಲ ನಾನು ಆಡುತ್ತೇನೆ. ನಾನು ಮೀಸೆ ತೆಗೆದು, ತುಟಿ ನುಣ್ಣಗೆ ಕಂಡರೆ ನನ್ನ ಕೈಯಾರೆ ಅವನನ್ನು ಕಳಿಸಿದ ಹಾಗೆ. ಅಷ್ಟು ನನ್ನಿಂದ ಆಗುವುದಿಲ್ಲ. ಮೇಡಂಗೆ ಅದನ್ನು ಬಾಯಿಬಿಟ್ಟು ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು, "ಹಾಗಾದ್ರೆ ಬೇಡ ತಾಯಮ್ಮ" ಅಂದರು. ನಾಳಿದ್ದಿನ ಬಸ್ಸಿಗೆ ಹೊರಡಲು ಬ್ಯಾಗೂ ತುಂಬಿದರು. ಅಂಥ ಒಳ್ಳೆಯವರನ್ನು ಬರಿಗೈಯಲ್ಲಿ ಕಳಿಸಬೇಕಲ್ಲ ಎಂದು ಅದೊಂದು ಸಂಕಟ ಬೇರೆ.

ಮಾರನೆಯ ದಿನ ಬೆಳಿಗ್ಗೆ ಪಾಂಡು ಬಂದ. ಊರವರು ಅವನನ್ನು ಕಳಿಸಿದ್ದರು. ಜಗಲಿಯ ಮೇಲೆ ಕೂತು ಮೀಸೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮಾತು ತೆಗೆದ.

"ಅಕ್ಕ, ನೀನು ಹಿಂಗೆ ಹಟ ಹಿಡಿದ್ರೆ ಹೆಂಗೆ? ದೊರೆ ನಗರಕ್ಕೆ ಹೋದ್ರೆ ಊರಿಗೇ ಹೆಸರು. ಬೀಳ್ಕೊಡುಗೆ ದಿನ ನಮ್ಮ ನಾಟಕಾನೂ ಆಡ್ಬೋದು ಅಂದವ್ರೆ ಯಜಮಾನ್ರು."

"ಹೋದರೆ ವಾಪಸು ಬರಲ್ಲ ಕಣೋ ಅವನು."

"ಒಂದು ಮೀಸೆಗೆ ಇಷ್ಟೊಂದು ಯಾಕೆ ಅಂತೀನಿ. ತೆಗೆದ್ರೆ ಬರಾಕಿಲ್ವಾ? ಕೂದಲು ತಾನೆ."

ನಾನು ಅವನ ಮುಖವನ್ನೇ ನೋಡಿದೆ. ಹರಳೆಣ್ಣೆ ತಿಕ್ಕಿದ ಮೀಸೆ ಬಿಸಿಲಿಗೆ ಮಿಂಚುತ್ತಿತ್ತು. ಕೂದಲು ತಾನೆ ಎಂದು ಅವನೇ ಹೇಳಿದ. ದೊರೆಗೆ ಆದದ್ದು ಊರಿನ ಗಂಡಸರಿಗೆಲ್ಲ ಆಗಬೇಕು ಎಂಬ ಮಾತು ಅವನಿಗೆ ಮರೆತಿತ್ತು. ಯಜಮಾನನಿಗೂ ಮರೆತಿತ್ತು, ಜೋಯಿಸರಿಗೂ ಮರೆತಿತ್ತು. ದೊರೆಯ ಮೀಸೆಯನ್ನು ಯಾರೂ ಯಾವತ್ತೂ ತೆಗೆದಿರಲಿಲ್ಲವಾದ್ದರಿಂದ ಮರೆತದ್ದು ಸಹಜ. ನಾನು ನೆನಪಿಸಲು ಹೋಗಲಿಲ್ಲ.

"ಆಯ್ತು. ತೆಗೀತೀನಿ" ಎಂದೆ.

ಅವನು ಹೋದ ಮೇಲೆ ಒಳಗೆ ಹೋಗಿ ಅತ್ತೆ. ದೊರೆಯನ್ನು ಕೊಟ್ಟು ಅಪ್ಪನ ಮರ್ಯಾದೆ ತರಬೇಕಾಗಿತ್ತು. ಎರಡೂ ನನಗೆ ಬೇಕಿತ್ತು, ಒಂದೇ ಸಿಗುವುದಿತ್ತು. ಅತ್ತು ಮುಖ ತೊಳೆದು ಅಪ್ಪನ ಹಳೆಯ ಕತ್ತಿಯನ್ನೂ ಹೊರಗೆ ತೆಗೆದೆ. ಎರಡಕ್ಕೂ ಸಾಣೆ ಹಿಡಿದೆ. ಕೆಲಸ ಬಹಳ ಇತ್ತು.

ಕಲ್ಯಾಣಿಯ ಮೆಟ್ಟಿಲ ಮೇಲೆ ಇಡೀ ಊರು ಸೇರಿತು. ಗಂಡಸರು ಮಡಿ ಪಂಚೆ ಉಟ್ಟು ಸಾಲಾಗಿ ಕೂತಿದ್ದರು. ಜೋಯಿಸರು ದರ್ಭೆ ಹಾಸಿ ಮೇಲೆ ದೊರೆಯನ್ನು ಇಟ್ಟರು. ನಾನು ಎದುರಿಗೆ ಬಿಳಿ ಬಟ್ಟೆ ಹರಡಿಕೊಂಡು ಕೂತೆ. ಮೇಡಂ ಕ್ಯಾಮೆರಾ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಬೂಟು ಬಿಚ್ಚಿಟ್ಟಿದ್ದರು.

"ಯಾರ ಹೆಸರಿನಲ್ಲಿ ಮೀಸೆ ತೆಗೆಸುವುದು ಅಂತ ಮೊದಲು ಹೇಳಬೇಕು. ತೀರಿಕೊಂಡವರ ಗೋತ್ರ?" ಎಂದು ಜೋಯಿಸರು ಮೇಡಂ ಕಡೆ ನೋಡಿದರು.

"ಅವರು ಪ್ರಾಟೆಸ್ಟಂಟ್ ಅಂತ ಕಾಣ್ತದೆ" ಎಂದರು ಮೇಡಂ.

"ಗೋತ್ರ ತಿಳಿಯದವರಿಗೆ ಕಾಶ್ಯಪ ಆಗುತ್ತೆ. ಹೆಸರು?"

ಮೇಡಂ ಹೆಸರು ಹೇಳಿದರು. ಅದು ಮೂರು ನಾಲ್ಕು ಹೆಸರು ಸೇರಿ ಆದ ಹೆಸರು, ನಡುನಡುವೆ ಗಂಟಲಿನಿಂದ ಬರುವ ಸದ್ದು. ಜೋಯಿಸರು ಕಣ್ಣು ಮುಚ್ಚಿ ಪ್ರಯತ್ನ ಮಾಡಿದರು. ಇನ್ನೊಮ್ಮೆ ಮಾಡಿದರು. ಕೆಮ್ಮು ಬಂತು.

"ಇದು ಮಂತ್ರದಲ್ಲಿ ಕೂರೋದಿಲ್ಲ. ತಪ್ಪಾಗಿ ಹೇಳಿದರೆ ಬೇರೆ ಯಾರಿಗೋ ಸೇರಿಬಿಡುತ್ತೆ" ಎಂದರು. ಸ್ವಲ್ಪ ಯೋಚಿಸಿ, "ಹೆತ್ತವರ ಹೆಸರು ಸಿಗದಿದ್ದರೆ ಸಾಕಿದವರ ಹೆಸರು ಹೇಳೋದಕ್ಕೆ ಅವಕಾಶ ಇದೆ. ದೊರೆಯನ್ನ ತಂದೆ ಹಾಗೆ ನೋಡಿಕೊಂಡು ತೀರಿಕೊಂಡವರು ಯಾರಾದರೂ ಇದ್ದಾರಾ?" ಎಂದು ಕೇಳಿದರು.

ನಾನು ಇದನ್ನು ಎಣಿಸಿರಲಿಲ್ಲ. ನಾನು ಬಂದದ್ದು ಮೀಸೆಗಳಿಗೆ, ಅಷ್ಟೇ. ಆದರೆ ಬಾಯಿ ತಾನಾಗಿ ತೆರೆಯಿತು.

"ಯಾಲಕ್ಕಯ್ಯ" ಎಂದೆ.

ಯಜಮಾನನ ಗದ್ದದ ಮೇಲೂ ನಮ್ಮಪ್ಪನ ಕೈ ಐವತ್ತು ವರ್ಷ ಓಡಾಡಿತ್ತು. ಯಾರೂ ಬೇಡ ಅನ್ನಲಿಲ್ಲ. ಜೋಯಿಸರು ಒಂದು ಗಳಿಗೆ ನನ್ನನ್ನು ನೋಡಿ, "ಕಾಶ್ಯಪ ಗೋತ್ರದ ಯಾಲಕ್ಕಯ್ಯ" ಎಂದು ಗಟ್ಟಿಯಾಗಿ ಹೇಳಿ ನೀರು ಬಿಟ್ಟರು.

ನಾನು ದೊರೆಯನ್ನು ಎಡಗೈಯಲ್ಲಿ ಎತ್ತಿಕೊಂಡೆ. ಕಲ್ಯಾಣಿಯ ನೀರಿನಲ್ಲಿ ಬೆರಳು ಅದ್ದಿ ಮೀಸೆ ನೆನೆಸಿದೆ. ಅಪ್ಪನ ಕತ್ತಿಯನ್ನೇ ಹಿಡಿದೆ. ಗಡ್ಡದಷ್ಟು ಸುಲಭವಾಗಿರಲಿಲ್ಲ ಅದು. ಯಾರೂ ಮುಟ್ಟದ ಬೆಳ್ಳಿ, ಬೇರು ಗಟ್ಟಿಯಾಗಿತ್ತು. ಒಂದೊಂದೇ ಎಳೆ ಬಟ್ಟೆಯ ಮೇಲೆ ಬಿತ್ತು. ಕೊನೆಯ ಎಳೆ ಹೋದಾಗ ಕೆಳಗೆ ನುಣುಪಾದ ತುಟಿ ಕಂಡಿತು. 'ದೊರೆ' ಎಂದು ಇಷ್ಟು ದಿನ ಕರೆದದ್ದು ನನಗೆ ಒಂಥರಾ ಅನ್ನಿಸಿತು. ಪಾಪದ ಹುಡುಗ. ಅಳುವುದಕ್ಕೆ ಮೊದಲು ಮಕ್ಕಳ ತುಟಿ ಇರುತ್ತದಲ್ಲ, ಹಾಗಿತ್ತು ತುಟಿ. ಮೇಡಂ ಹತ್ತಿರ ಬಂದು ಭೂತಗನ್ನಡಿ ಹಿಡಿದರು. ಬಹಳ ಹೊತ್ತು ನೋಡಿ, "ಇದು ಅದೇ" ಎಂದು ಮೆಲ್ಲಗೆ ಅಂದರು. ಅವರ ದನಿಯಲ್ಲಿ ಸಂತೋಷ ಇರಲಿಲ್ಲ. ಆಮೇಲೆ ಕ್ಯಾಮೆರಾ ಕ್ಲಿಕ್ ಅಂದಿತು.

ದೊರೆಯನ್ನು ದರ್ಭೆಯ ಮೇಲೆ ವಾಪಸು ಇಟ್ಟೆ. ಕತ್ತಿ ಒರೆಸಿದೆ. ಮೆಟ್ಟಿಲ ಕಡೆ ತಿರುಗಿ, "ಬನ್ನಿ ಯಜಮಾನ್ರೇ" ಎಂದೆ.

"ನಾನ್ಯಾಕವ್ವ?"

"ದೊರೆಗೆ ಆಗಿದೆ."

ಸ್ವಲ್ಪ ಹೊತ್ತು ಯಾರಿಗೂ ತಿಳಿಯಲಿಲ್ಲ. ಆಮೇಲೆ ಒಬ್ಬೊಬ್ಬರಿಗೇ ತಿಳಿಯುತ್ತ ಹೋದದ್ದು ಕಾಣಿಸಿತು. ಒಂದೊಂದು ಕೈಯೂ ಒಂದೊಂದು ತುಟಿಯ ಮೇಲೆ ಹೋಯಿತು. ಯಜಮಾನ ಜೋಯಿಸರ ಮುಖ ನೋಡಿದ. ಪಕ್ಕದೂರಿನವರಾಗಿ ಮೊದಲಿನಿಂದಲೂ ಮೀಸೆ ಇಲ್ಲದ ಜೋಯಿಸರು, ಕಟ್ಟಳೆ ಕಟ್ಟಳೆಯೇ ಎಂದು ಧಾರಾಳವಾಗಿ ಹೇಳಿದರು. ಯಜಮಾನ ಬಂದು ಕೂತ. ಅವನ ಹೆಂಡತಿ ಮುಂದಕ್ಕೆ ಬಂದು ನೋಡುತ್ತ ನಿಂತಳು. ಮೀಸೆ ಹೋದ ಮೇಲೆ, "ಇಷ್ಟೇನಾ" ಎಂದು ಹೋಗಿ ಕೂತಳು.

ಪಾಂಡು ಮೆಲ್ಲಗೆ ಮೇಲಿನ ಮೆಟ್ಟಿಲಿಗೆ ಜರುಗುತ್ತಿದ್ದ. ಹಾರ್ಮೋನಿಯಂ ಮೇಷ್ಟರು ಅವನ ಪಂಚೆಯ ಚುಂಗು ಹಿಡಿದು ಕೂರಿಸಿದರು. ಅವರ ಮೀಸೆ ಆಗಲೇ ಹೋಗಿತ್ತು. ಸರದಿ ಬಂದಾಗ ಪಾಂಡು ನನ್ನ ಎದುರಿಗೆ ಕೂತು ಕಣ್ಣು ಮುಚ್ಚಿಕೊಂಡ. ಅವನ ಮೀಸೆ ಎರಡು ಎಳೆತಕ್ಕೆ ಬಂತು. ಬಟ್ಟೆಯ ಮೇಲೆ ಬಿದ್ದಾಗ ಸತ್ತ ಇಲಿಯ ಮರಿಯಷ್ಟು ದಪ್ಪ ಇತ್ತು. ಮಧ್ಯಾಹ್ನದ ಹೊತ್ತಿಗೆ ಊರಿನಲ್ಲಿ ಒಂದು ಮೀಸೆಯೂ ಉಳಿಯಲಿಲ್ಲ. ಊರವರ ಕೂದಲನ್ನೂ ದೊರೆಯ ಬೆಳ್ಳಿಯನ್ನೂ ಒಂದೇ ಬಟ್ಟೆಯಲ್ಲಿ ಕೂಡಿಸಿ ನೀರಿಗೆ ಬಿಟ್ಟೆ. ನಮ್ಮಪ್ಪನಿಗೆ ಅಷ್ಟೂ ಗಂಡಸರು ಮೀಸೆ ತೆಗೆಸಿದರು. ನನಗೆ ಬಂದ ಸಮಾಧಾನವನ್ನು ಮುಚ್ಚಿಡುವುದಿಲ್ಲ, ಅವತ್ತು ಅನ್ನ ರುಚಿಯಾಗಿತ್ತು.

ಸಂಜೆಯ ಬಸ್ಸಿಗೆ ಮೇಡಂ ಹೊರಟರು. ಅರಳೆ ತುಂಬಿದ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದಿದ್ದರು. ನಾನು ಡಬ್ಬಿಯ ಮುಚ್ಚಳ ತೆಗೆಸಿ ಅವನ ಕೆನ್ನೆ ಸವರಿದೆ. ಹುಷಾರಪ್ಪ ಎಂದೆ. ಹುಣಿಸೆ ನೀರು ಬಿಟ್ಟು ಬೇರೆ ಏನನ್ನೂ ಹಾಕಬೇಡಿ ಎಂದು ಮೇಡಂಗೆ ಹೇಳಿದೆ. ಬಸ್ಸು ಹೋದ ಮೇಲೆ ಖಾಲಿ ಭರಣಿ ಹಿಡಿದುಕೊಂಡು ಬಂದು ಅದನ್ನು ಚಾವಡಿಯಲ್ಲಿ ಇಡದೆ ಮನೆಗೆ ಒಯ್ದೆ. ಯಾರೂ ಕೇಳಲಿಲ್ಲ.

ಆಮೇಲಿನ ದಿನಗಳಲ್ಲಿ ಒಂದು ತೊಡಕು ಬಂತು. ದೊರೆ ನಗರದಲ್ಲಿ, ಊರಿನ ಗಂಡಸರು ಇಲ್ಲಿ. ಅವನ ಮುಖ ಹೇಗಿದೆಯೋ ಹಾಗೆ ಇವರದು ಇರಬೇಕಲ್ಲ. ಅಮಾವಾಸ್ಯೆ ಹುಣ್ಣಿಮೆ ಕಳೆದ ಮೇಲೆ ನಾನು ಸಂಗ್ರಹಾಲಯಕ್ಕೆ ಫೋನು ಮಾಡುತ್ತಿದ್ದೆ. ಮೇಡಂ ಗಾಜಿನ ಪೆಟ್ಟಿಗೆಯ ಹತ್ತಿರ ಹೋಗಿ ನೋಡಿ ಬಂದು, "ನುಣ್ಣಗೆ ಇದ್ದಾರೆ ತಾಯಮ್ಮ" ಎನ್ನುತ್ತಿದ್ದರು. ಗಡ್ಡವೂ ಬರುತ್ತಿರಲಿಲ್ಲ, ಮೀಸೆಯೂ ಬರುತ್ತಿರಲಿಲ್ಲ. ಅಲ್ಲಿನ ಹವೆಗೆ ಹೀಗೋ ಏನೋ ಎಂದು ಅವರು ಬೇಜಾರು ಮಾಡಿಕೊಂಡರು. ಹೀಗಾಗಿ ಇಲ್ಲಿ ದಿನ ಬಿಟ್ಟು ದಿನ ಎಲ್ಲರ ತುಟಿಯನ್ನೂ ನುಣ್ಣಗೆ ಇಡುವ ಕೆಲಸ ನನ್ನ ಮೇಲೆ ಬಿತ್ತು. ಬಸ್ಸಿನ ಕಂಡಕ್ಟರು ಮೊದಮೊದಲು, ಊರಿಗೆ ಊರೇ ಅಪ್ಪನನ್ನು ಕಳೆದುಕೊಂಡಿದೆಯೇ ಎಂದು ಕೇಳುತ್ತಿದ್ದ. ಹೌದು ಎನ್ನುತ್ತಿದ್ದೆ. ಪಾಂಡುವಿಗೆ ರಕ್ಕಸನ ಪಾರ್ಟು ತಪ್ಪಿತು. ಮುಖ ನುಣ್ಣಗೆ ಚೆನ್ನಾಗಿ ಕಾಣುತ್ತದೆಂದು ಮೇಷ್ಟರು ಅವನಿಗೆ ರಾಣಿಯ ಸಖಿಯ ಪಾರ್ಟು ಕೊಟ್ಟರು. ನಾಟಕ ಇನ್ನೂ ಆಗಿಲ್ಲ.

ಕಲ್ಯಾಣಿಯ ಮೆಟ್ಟಿಲ ಮೇಲೆ ಅಪ್ಪನ ಹೆಸರಲ್ಲಿ ವರ್ಷದ ತಿಥಿ ಮಾಡಿದೆವು. ಅದಾಗಿ ಸ್ವಲ್ಪ ದಿನಕ್ಕೆ ಮೇಡಂ ತಾವಾಗಿಯೇ ಫೋನು ಮಾಡಿದರು.

"ತಾಯಮ್ಮ, ತುಟಿ ಮೇಲೆ ಏನೋ ಕಾಣ್ತಾ ಉಂಟು. ಭೂತಗನ್ನಡಿಯಲ್ಲಿ ನೋಡಿದೆ. ಮೀಸೆಯೇ. ಮುಂದಿನ ತಿಂಗಳು ಹೊರದೇಶದಿಂದ ಇದನ್ನೇ ನೋಡ್ಲಿಕ್ಕೆ ಜನ ಬರ್ತಾರೆ. ನೀವು ಬಂದು ತೆಗೀಲಿಕ್ಕೆ ಆಗ್ತದಾ? ಕಾರು ಕಳಿಸ್ತೇನೆ."

ನಾನು ಫೋನು ಹಿಡಿದುಕೊಂಡು ಹೊರಗೆ ನೋಡಿದೆ.

"ಬ್ಯಾಡಿ ಮೇಡಂ. ವರ್ಷ ಆಯ್ತಲ್ಲ. ಇನ್ನು ಬಿಡ್ಬೋದು ಅವನು."

"ಬಿಟ್ರೆ ಇದು ಸಾಮಾನ್ಯದ್ದು ಆಗ್ತದೆ. ಸಾಮಾನ್ಯದ್ದನ್ನ ನಾವು ಗಾಜಿನ ಪೆಟ್ಟಿಗೆಯಲ್ಲಿ ಇಡುವುದಿಲ್ಲ."

"ಇಲ್ಲಿ ಭರಣಿ ಐತೆ ಮೇಡಂ" ಎಂದೆ.

ಅವರು ನಕ್ಕದ್ದು ಕೇಳಿಸಿತು. ಬಸ್ಸಿನಲ್ಲಿ ತಾವೇ ತರುವುದಾಗಿ ಹೇಳಿದರು. ಫೋನು ಇಟ್ಟು ಹೊರಗೆ ಬಂದೆ. ಜಗಲಿಯ ಮೇಲೆ ಪಾಂಡು ಟವೆಲು ಸುತ್ತಿಕೊಂಡು ಕ್ಷೌರಕ್ಕೆ ಕೂತಿದ್ದ. ದೊರೆಗೆ ಮೀಸೆ ಬರ್ತಾ ಇದೆಯಂತೆ, ನೀನೂ ಇನ್ನು ಬಿಡು, ನಮ್ಮಪ್ಪಂದು ವರ್ಷ ಮುಗೀತು ಎಂದು ಅವನಿಗೆ ಹೇಳಿದೆ. ಅವನು ಬರಿ ತುಟಿಯನ್ನು ಬೆರಳಲ್ಲಿ ಸವರಿಕೊಂಡು ಸ್ವಲ್ಪ ಹೊತ್ತು ಕಲ್ಯಾಣಿಯ ಕಡೆ ನೋಡುತ್ತ ಕೂತ.

"ಬಿಡ್ತೀನಿ ಕಣಕ್ಕ. ಇವತ್ತೊಂದು ದಿನ ತೆಗೆದ್ಬಿಡು" ಅಂದ.

"ಯಾಕೋ? ದೊರೆಗೇ ತೆಗೀತಿಲ್ಲ."

"ದೊರೆಗಲ್ಲ. ಚಿಕ್ಕಪ್ಪಂಗೆ."

ನಾನು ಒಳಗೆ ಹೋಗಿ ಅಪ್ಪನ ಕತ್ತಿ ತಂದೆ.